ಹಿಡಿಸೂಡಿಗೆ ಕಟ್ಟಿದ ರೀಲು

೨೦೦೧ರ ಮಾರ್ಚ್ ಕೊನೆಯಲ್ಲಿ ನಾನು ಅಡೂರಿನ ಶಾಲೆಯಿಂದ ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಹನ್ನೊಂದು ಮಂದಿ ಭಾಷಣ ಮಾಡಿದರು. ಯಾರು ಏನು ಹೇಳಿದರೆಂಬುದು ಈಗ ನೆನಪಿನಲ್ಲಿಲ್ಲ. ಮೈಕು ಒಂದು ಸಲವೂ ಕಿರುಚಲಿಲ್ಲ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ವೇದಿಕೆಯ ಬದಿಯಲ್ಲಿ ಮೈಕ್ ಸೆಟ್ಟಿನ ಉದಯಶಂಕರ ಕಣ್ಣು ಮುಚ್ಚಿ, ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಊರಿ ನಿಂತಿದ್ದ. ಧ್ವನಿ ಏರಿತೆ, ಒಡೆಯಿತೆ ಎಂಬುದನ್ನು ಅವನು ಕಿವಿಯಿಂದಲ್ಲ, ಕೈಯಿಂದ ತಿಳಿಯುತ್ತಿದ್ದ. ಅದು ಅವನ ಕಸುಬಿನ ಚಮತ್ಕಾರವೆಂದು ನಾವೆಲ್ಲ ಭಾವಿಸಿದ್ದೆವು. ಕಿವಿ ಆಗಲೇ ಸೋಲತೊಡಗಿತ್ತು ಎಂಬುದು ಯಾರಿಗೂ ಹೊಳೆಯಲಿಲ್ಲ. ಹದಿನೈದು ವರ್ಷ ಯಕ್ಷಗಾನ, ಭಜನೆ, ಚುನಾವಣೆ, ಭೂತಕೋಲ ಎಂದು ಹಾರ್ನಿನ ಬುಡದಲ್ಲಿ ಕುಳಿತವನ ಕಿವಿ ಅದು.

ಉದಯ ನನ್ನ ವಿದ್ಯಾರ್ಥಿ. ನಾನು ಮಾಷ್ಟ್ರಾಗಿ ಸೇರಿದ ಮೊದಲ ವರ್ಷ ಅವನು ಏಳನೆಯ ತರಗತಿಯಲ್ಲಿದ್ದ. ಅದೇ ಬೆಂಚಿನಲ್ಲಿ ಅವನ ಪಕ್ಕಕ್ಕೆ ಕುಳಿತುಕೊಳ್ಳುತ್ತಿದ್ದವನು ಮಹಾಗಣಪತಿ. ಉದಯನಿಗೆ ಮಾತು ಕಡಿಮೆ, ಬೆರಳು ಹೆಚ್ಚು. ಬೆಂಚು, ಸ್ಲೇಟು, ಬುತ್ತಿಯ ಮುಚ್ಚಳ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತಿದ್ದ. ಮಹಾಗಣಪತಿ ನಿಧಾನಿ. ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೂ, ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ನಿಂತು ಆಮೇಲೆ ಹೇಳುವವನು. "ಎಂತ ಮಾರಾಯ, ನಿನ್ನ ಉತ್ತರ ಕಾಸರಗೋಡಿಂದ ಬಸ್ಸಿನಲ್ಲಿ ಬರಬೇಕಾ?" ಎಂದು ನಾನು ಗದರಿಸಿದ್ದುಂಟು. ಮಕ್ಕಳು ನಗುತ್ತಿದ್ದರು. ಅವನೂ ನಗುತ್ತಿದ್ದ, ಎಲ್ಲರೂ ನಕ್ಕು ಮುಗಿಸಿದ ಮೇಲೆ.

೧೯೭೬ರಲ್ಲಿ ಇಬ್ಬರೂ ಒಟ್ಟಿಗೆ ಬೊಂಬಾಯಿಗೆ ಹೋದರು. ಮಹಾಗಣಪತಿ ಒಂದು ಹೋಟೆಲಿನ ಅಡುಗೆ ಮನೆಗೆ ಸೇರಿದ. ಉದಯನಿಗೆ ದಾದರಿನ ಸಣ್ಣದೊಂದು ಸ್ಟುಡಿಯೋದಲ್ಲಿ ಟೇಪು ಓಡಿಸುವ ಕೆಲಸ ಸಿಕ್ಕಿತು. ಸಾಬೂನು, ಹಲ್ಲುಪುಡಿಗಳ ರೇಡಿಯೋ ಜಾಹೀರಾತುಗಳು ಅಲ್ಲಿ ತಯಾರಾಗುತ್ತಿದ್ದವು. ಇಬ್ಬರಿಗೂ ಸೇರಿ ಒಂದೇ ಕೋಣೆ. ಆರು ವರ್ಷಗಳ ಮೇಲೆ, ೮೨ರ ಆಗಸ್ಟಿನಲ್ಲಿ, ಮಹಾಗಣಪತಿ ಕಾಮಾಲೆಯಿಂದ ತೀರಿಕೊಂಡ. ಅಸ್ಥಿಯ ಮಡಕೆ ಹಿಡಿದು ಉದಯ ಊರಿಗೆ ಬಂದಾಗ ನಾನೂ ಆ ಮನೆಯಲ್ಲಿದ್ದೆ. ಗೆಳೆಯನ ಹೆತ್ತವಳ ಮುಂದೆ ನೆಲದ ಮೇಲೆ ಕುಳಿತು ಅವನು ಹೇಳಿದ್ದು ಎರಡೇ ಮಾತು: "ತಲೆ ನನ್ನ ತೊಡೆಯ ಮೇಲೆ ಇತ್ತು. ಬಾಯಿಗೆ ನೀರು ನಾನೇ ಬಿಟ್ಟೆ." ಆ ತಾಯಿ ಅವನ ಎರಡೂ ಕೈಗಳನ್ನು ಹಿಡಿದು ತನ್ನ ಹಣೆಗೆ ಒತ್ತಿಕೊಂಡರು.

ಎರಡು ವರ್ಷ ಕಳೆದು ಅವನು ಬೊಂಬಾಯಿ ಬಿಟ್ಟ. ಮರುವರ್ಷ ಮಹಾಗಣಪತಿಯ ತಂಗಿ ದೇವಕಿಯನ್ನು ಮದುವೆಯಾದ. ಬಸ್ಸು ನಿಲ್ಲುವಲ್ಲಿ ಮೈಕ್ ಸೆಟ್ಟಿನ ಅಂಗಡಿ ಇಟ್ಟ. ಒಳ್ಳೆಯ ಕೆಲಸ ಮಾಡಿದ ಎಂದು ಊರು ಹೇಳಿತು. ನಾನೂ ಹೇಳಿದೆ.

ಮುಂದಿನದನ್ನು ಹೇಳುವ ಮೊದಲು ನಮ್ಮಲ್ಲಿಯ ಒಂದು ಕ್ರಮವನ್ನು ಹೇಳಬೇಕು. ಅಡೂರಿನ ಕೆಳಗೆ, ಹೊಳೆಯ ಬದಿಯ ಬೈಲಿನಲ್ಲಿ ಇನ್ನೂ ನಾಲ್ಕಾರು ಮಂದಿ ಭತ್ತ ಬೆಳೆಯುತ್ತಾರೆ. ತೆನೆ ಹಾಲುಗಟ್ಟುವ ಹೊತ್ತಿಗೆ ಕಾಡಿನಿಂದ ನವಿಲು ಇಳಿಯುತ್ತವೆ, ಗಿಳಿ ಬರುತ್ತವೆ. ಗದ್ದೆಗೆ ಅಡ್ಡವಾಗಿ ಹಳೆಯ ಕ್ಯಾಸೆಟ್ಟಿನ ರೀಲನ್ನು ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿದರೆ, ಅದು ಬಿಸಿಲಿಗೆ ಹೊಳೆಯುತ್ತದೆ, ಗಾಳಿಗೆ ಗುಂಯ್ ಎನ್ನುತ್ತದೆ; ಹಕ್ಕಿ ಹೆದರುತ್ತದೆ. ಸೀಡಿ ಬಂದು ಕ್ಯಾಸೆಟ್ಟುಗಳು ಮೂಲೆ ಸೇರಿದ ಮೇಲೆ ಬೈಲಿನವರಿಗೆಲ್ಲ ರೀಲು ಒದಗಿಸುತ್ತಿದ್ದವನು ಉದಯನೇ. ಹಾಳು ಕ್ಯಾಸೆಟ್ಟುಗಳನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಮನೆಯ ಜಗಲಿಯಲ್ಲಿಟ್ಟು, "ಯಾರು ಕೇಳಿದರೂ ಇಲ್ಲ ಅನ್ನಬೇಡ" ಎಂದು ದೇವಕಿಗೆ ಹೇಳಿದ್ದ.

೨೦೧೩ರ ಜನವರಿಯಲ್ಲಿ ಅವನು ಒಂದು ಕಾಗದ ಹಿಡಿದುಕೊಂಡು ನನ್ನಲ್ಲಿಗೆ ಬಂದ. ಅಷ್ಟರಲ್ಲಿ ಅವನ ಕಿವಿ ಪೂರ್ತಿ ಹೋಗಿತ್ತು. ನರ ಸತ್ತಿದೆ, ಯಂತ್ರ ಹಾಕಿದರೂ ಪ್ರಯೋಜನವಿಲ್ಲ ಎಂದು ಕಾಸರಗೋಡಿನ ಡಾಕ್ಟರು ಹೇಳಿದ್ದರು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದ. "ನಿಮ್ಮದು ಓದಲಿಕ್ಕೆ ಸುಲಭ ಮಾಷ್ಟ್ರೇ. ಉಕ್ತಲೇಖನ ಕೊಟ್ಟ ಬಾಯಿ ಅಲ್ವಾ" ಎನ್ನುತ್ತಿದ್ದ.

ಕಾಗದ ಇಂಗ್ಲಿಷಿನಲ್ಲಿತ್ತು. ಬರೆದವಳು ನಮಿತಾ ಎಂಬ ಹುಡುಗಿ. ತಂದೆತಾಯಿ ಮಂಗಳೂರು ಕಡೆಯ ತುಳುವರು, ತಾನು ಮುಂಬಯಿಯಲ್ಲಿ ಹುಟ್ಟಿದವಳು. ಮರೆತುಹೋದ ಗ್ರಾಮಫೋನ್ ತಟ್ಟೆಗಳನ್ನು ಹುಡುಕಿ ಮತ್ತೆ ಹೊರತರುವುದು ಅವಳ ಮತ್ತು ಗೆಳೆಯರ ಕೆಲಸ. ಗುಜರಿ ಅಂಗಡಿಯಲ್ಲಿ ಅವಳಿಗೆ ಒಂದು ಸೀಳಿದ ತಟ್ಟೆ ಸಿಕ್ಕಿತ್ತು. ಹೆಸರು 'ಬಾಗಿಲು'. ೧೯೮೩ರದ್ದು. ಎಲ್ಲ ವಾದ್ಯ, ಎಲ್ಲ ಧ್ವನಿ, ರೆಕಾರ್ಡಿಂಗು, ಒಬ್ಬನದೇ: ಉದಯಶಂಕರ. ಮೂಲ ಟೇಪು ಇದೆಯೇ ಎಂದು ಕೇಳಿದ್ದಳು.

"ಇದು ಯಾವ ಉದಯಶಂಕರ?" ಎಂದೆ.

"ನಾನೇ."

"ನೀನು ಪದ ಹಾಡಿದ್ದಾ?"

"ಹಾಡಿದ್ದು ಅಂತ ಇಲ್ಲ ಮಾಷ್ಟ್ರೇ. ಬಡಿದದ್ದು, ಬೊಬ್ಬೆ ಹಾಕಿದ್ದು."

ಮೂವತ್ತು ವರ್ಷ ಅವನ ಬಾಯಿಂದ ಬಾರದಿದ್ದ ವಿಷಯ ಆ ಮಧ್ಯಾಹ್ನ ಬಂತು. ಸ್ಟುಡಿಯೋಕ್ಕೆ ಬರುತ್ತಿದ್ದ ಗೋವೆಯ ಒಬ್ಬ ಗಿಟಾರಿನವನು ಹಡಗಿನವರಿಂದ ತಟ್ಟೆಗಳನ್ನು ತರಿಸಿ ಇವನಿಗೆ ಕೇಳಿಸಿದ್ದನಂತೆ. ವಿಲಾಯತಿಯಲ್ಲಿ ಎಪ್ಪತ್ತರ ದಶಕದ ಕೊನೆಗೆ ಕೆಲವು ಹುಡುಗರು ಸಿಟ್ಟಿನಿಂದ ಗಿಟಾರು ಬಡಿದರು. ಅವರ ಬೆನ್ನಿಗೆ ಬಂದವರು ಸಿಟ್ಟನ್ನು ಬಿಡದೆ ಹೊಸ ಹೊಸ ಸದ್ದು ಹುಡುಕಿದರು. ಪೋಸ್ಟ್-ಪಂಕ್ ಎಂದು ಅದರ ಹೆಸರು. ರಾಗ ಬೇಡ, ಕಲಿತ ಕೈ ಬೇಡ, ಹೇಳಲಿಕ್ಕೆ ಇದ್ದರೆ ಸಾಕು. "ಅದು ಕೇಳಿ ನನಗೆ ಅನಿಸಿತು, ಇದು ನನಗೂ ಆಗ್ತದೆ ಅಂತ" ಎಂದ ಉದಯ. ರಜೆಯ ದಿನಗಳಲ್ಲಿ ಖಾಲಿ ಸ್ಟುಡಿಯೋದಲ್ಲಿ ಒಬ್ಬನೇ ಕುಳಿತು, ಒಂದು ಸದ್ದಿನ ಮೇಲೆ ಇನ್ನೊಂದು ಸದ್ದು ಹೇರಿ, ಒಂದೂವರೆ ವರ್ಷದಲ್ಲಿ ಎಂಟು ಹಾಡು ಕಟ್ಟಿದ. ಇನ್ನೂರು ತಟ್ಟೆ ಅಚ್ಚಾದವು. ಕೊಂಡವರು ಯಾರೆಂದು ಅವನಿಗೂ ತಿಳಿಯದು.

"ಆ ತಟ್ಟೆ ನನ್ನದಲ್ಲ" ಎಂದ. "ಕೊನೆಯ ಹಾಡು ಕೊಯ್ದು ಹಾಕಿದ್ದಾರೆ."

ಕೊನೆಯ ಹಾಡಿನ ಹೆಸರೂ 'ಬಾಗಿಲು' ಎಂದೇ. ಹೊರಗಿನಿಂದ ಒಬ್ಬ ಬಾಗಿಲು ತಟ್ಟುತ್ತಾನೆ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಮೂರು ನಿಮಿಷ. ತಟ್ಟುವವನು ಉದಯ. ಅನಂತರ ನಲವತ್ತು ಸೆಕೆಂಡು ಏನೂ ಇಲ್ಲ. ಆ ನಲವತ್ತು ಸೆಕೆಂಡು ಒಳಗೆ ಮೈಕಿನ ಮುಂದೆ ಸ್ಟೂಲಿನ ಮೇಲೆ ಕುಳಿತಿದ್ದವನು ಮಹಾಗಣಪತಿ. "ಅವನಿಗಿಂತ ಚಂದ ತಡ ಮಾಡುವವರು ಯಾರಿದ್ದಾರೆ, ಅದಕ್ಕೇ ಅವನನ್ನು ಕರೆದದ್ದು" ಎಂದು ಉದಯ ಸ್ವಲ್ಪ ನಕ್ಕ. ನಲವತ್ತು ಸೆಕೆಂಡಿನ ಮೇಲೆ, ಮನೆಯಲ್ಲಿ ಆಡುವ ಮಾತಿನಲ್ಲೇ, ಮಹಾಗಣಪತಿ ಹೇಳುತ್ತಾನೆ: "ಆರದು? ಬಾಗಿಲು ಹಾಕಿದ್ದಿಲ್ಲೆ. ಒಳ ಬಾ." ಬಾಗಿಲು ಹಾಕಿಯೇ ಇಲ್ಲ, ಒಳಗೆ ಬಾ ಎಂದು. ಅಲ್ಲಿಗೆ ಮುಗಿಯಬೇಕು. ಅಚ್ಚು ಹಾಕುವವರು ಮೌನ ಬಂದದ್ದೇ ಹಾಡು ಮುಗಿಯಿತೆಂದು ತಿಳಿದು ಅಲ್ಲಿಗೇ ಕತ್ತರಿಸಿದರು. ತಟ್ಟೆಯಲ್ಲಿ ತಟ್ಟುವುದಷ್ಟೇ ಇದೆ, ಉತ್ತರವಿಲ್ಲ. ಮಹಾಗಣಪತಿಯ ಸ್ವರ ಲೋಕದಲ್ಲಿ ಇದ್ದದ್ದು ಆ ಮೂಲ ಟೇಪಿನಲ್ಲಿ ಮಾತ್ರ.

"ಟೇಪು ಎಲ್ಲಿ?"

ಉದಯ ನನ್ನ ತುಟಿಯಿಂದ ಕಣ್ಣು ತೆಗೆದ. ಹತ್ತು ವರ್ಷದ ಹಿಂದೆ, ಅವನು ದೇಲಂಪಾಡಿಯ ಕಡೆ ಮೂರು ದಿನದ ಭಜನೆಗೆ ಮೈಕು ಕಟ್ಟಲು ಹೋಗಿದ್ದಾಗ, ಬೈಲಿನ ಬಟ್ಯ ರೀಲು ಕೇಳಿಕೊಂಡು ಮನೆಗೆ ಬಂದಿದ್ದ. ಜಗಲಿಯ ಪೆಟ್ಟಿಗೆ ಖಾಲಿ. ಬರಿಗೈಯಲ್ಲಿ ಕಳಿಸಲು ದೇವಕಿಗೆ ಮನಸ್ಸಾಗಲಿಲ್ಲ. ಅಟ್ಟದಲ್ಲಿ ಹಳೆಯ ಟ್ರಂಕಿನೊಳಗೆ ತಟ್ಟೆಯಷ್ಟು ದೊಡ್ಡ ಚಕ್ರದಲ್ಲಿ ಅಗಲವಾದ ರೀಲು ಇದ್ದದ್ದು ಕಂಡು ಅದನ್ನು ಕೊಟ್ಟಳು. ಉದಯ ತಿರುಗಿ ಬಂದಾಗ ಅದು ಗದ್ದೆಯಲ್ಲಿತ್ತು.

"ನಾನು ಬೈಲಿಗೆ ಹೋಗಿ ನೋಡಿದೆ ಮಾಷ್ಟ್ರೇ. ಆಗ ಕಿವಿ ಸ್ವಲ್ಪ ಇತ್ತು. ಗಾಳಿಗೆ ಕೂಗ್ತಾ ಇತ್ತು. ಬಿಚ್ಚಿಸಿ ತರಬಹುದಿತ್ತು. ಕೂಗಲಿ ಅಂತ ಬಿಟ್ಟು ಬಂದೆ."

"ಯಾಕೆ?"

ತುಟಿ ಕಾಣಲಿಲ್ಲವೇನೋ ಎಂದು ಎರಡನೆಯ ಸಲ ಕೇಳಿದೆ. ಕಂಡಿತ್ತು.

"ದೇವಕಿಗೆ ಗೊತ್ತುಂಟಾ, ಅದರಲ್ಲಿ ಅಣ್ಣನ ಸ್ವರ ಇದ್ದದ್ದು?"

"ಇಲ್ಲ. ಗೊತ್ತಾಗುವುದೂ ಬೇಡ. ಕೊಟ್ಟದ್ದು ಅವಳ ಕೈ."

ಟೇಪು ಕಳೆದುಹೋಗಿದೆ ಎಂದು ನಾನು ಅವನ ಪರವಾಗಿ ಉತ್ತರ ಬರೆದೆ. ಅಷ್ಟಕ್ಕೆ ಮುಗಿಯಿತೆಂದುಕೊಂಡೆವು. ಆದರೆ ಎಪ್ರಿಲಿನ ವಿಷು ಹಬ್ಬಕ್ಕೆ ಎರಡು ವಾರ ಇರುವಾಗ ನಮಿತಾ ಬಂದೇ ಬಂದಳು. ಟೇಪು ಇಲ್ಲದಿದ್ದರೂ ಮನುಷ್ಯನನ್ನು ನೋಡಿ ಹೋಗುತ್ತೇನೆ ಎಂದಳು. ಉದಯನ ಮನೆಯ ಜಗಲಿಯಲ್ಲಿ ಕುಳಿತೆವು. ದೇವಕಿ ಬೆಲ್ಲ ನೀರು ತಂದಿಟ್ಟು ಕಂಬಕ್ಕೆ ಒರಗಿ ನಿಂತಳು.

"ಆಂಟಿ, ನೀವು ಇದನ್ನು ಒಂದು ಸಲವೂ ಕೇಳಲೇ ಇಲ್ವಾ?" ಎಂದಳು ನಮಿತಾ, ತುಳು ಬೆರೆಸಿದ ಕನ್ನಡದಲ್ಲಿ.

"ಇವರ ಮೈಕಿನಲ್ಲಿ ಊರವರ ಭಾಷಣ ಕೇಳಿಯೇ ತಲೆ ಹೋಗಿದೆ. ಇವರದ್ದೂ ಉಂಟು ಅಂತ ಯಾರಿಗೆ ಗೊತ್ತು."

ಹುಡುಗಿ ಸೀಳಿದ ತಟ್ಟೆಯಿಂದ ತೆಗೆದುಕೊಂಡದ್ದನ್ನು ಲ್ಯಾಪ್‌ಟಾಪಿನಲ್ಲಿ ಹಾಕಿದಳು. ನನ್ನಂಥವನಿಗೆ ಅದನ್ನು ಹಾಡು ಎನ್ನುವುದು ಕಷ್ಟ. ಬಾವಿಯ ಹಗ್ಗ ರಾಟೆಯಲ್ಲಿ ಉಜ್ಜಿದಂತೆ ಗಿಟಾರಿನ ಒಂದೇ ತಂತಿ. ಅದರ ಕೆಳಗೆ ಹೋಟೆಲಿನ ತಟ್ಟೆ ಬಡಿಯುವ ಸದ್ದು. ಒಂದು ಹಾಡಿನಲ್ಲಿ ಮಾತೆಂದರೆ "ಇಡ್ಲಿ ಎರಡು, ವಡೆ ಒಂದು" ಎಂಬುದಷ್ಟೇ. ಮೊದಲು ಅಡುಗೆ ಮನೆಗೆ ಕೂಗಿ ಹೇಳಿದ ಹಾಗೆ, ಆಮೇಲೆ ಬೇಡಿದ ಹಾಗೆ, ಕೊನೆಗೆ ಯಾರೋ ಎದೆಗೆ ತುಳಿಯುತ್ತಿರುವಾಗ ಹೇಳಿದ ಹಾಗೆ. ನಗು ಬರಬೇಕಾಗಿತ್ತು. ಬರಲಿಲ್ಲ. ಎಲ್ಲರ ಮೈಕನ್ನೂ ಮೂವತ್ತು ವರ್ಷ ಹದವಾಗಿ ಇಟ್ಟವನ ಒಳಗೆ ಇದು ಇತ್ತೇ ಎಂದು ನಾನು ಅವನ ಮುಖ ನೋಡಿದೆ. ಏನೂ ಕೇಳಿಸದ ಅವನು ನಮ್ಮ ಮುಖಗಳನ್ನು ನೋಡುತ್ತಿದ್ದ.

ಕೊನೆಗೆ ಬಾಗಿಲು ತಟ್ಟುವ ಸದ್ದು ಬಂತು. ಮೂರು ನಿಮಿಷ ತುಂಬ ಉದ್ದದ ಹೊತ್ತು. ಸದ್ದು ಥಟ್ಟನೆ ನಿಂತಿತು.

"ತೆಗೆಯುವವರು ಯಾರೂ ಇಲ್ವಾ?" ಎಂದಳು ದೇವಕಿ.

ಅವಳು ಗಂಡನನ್ನು ಕೇಳಿದ್ದಲ್ಲ, ಸುಮ್ಮನೆ ಕೇಳಿದ್ದು. ಆದರೆ ಉದಯ ಅವಳ ತುಟಿಯನ್ನೇ ನೋಡುತ್ತಿದ್ದ.

"ಇದ್ದ" ಎಂದ. "ನಿನ್ನ ಅಣ್ಣ ಇದ್ದ. ಒಳ ಬಾ ಅಂತ ಹೇಳಿದ. ಅದು ಟೇಪಿನಲ್ಲಿ ಇತ್ತು."

ಒಮ್ಮೆ ಬಾಯಿ ತೆರೆದವನು ಮತ್ತೆ ಮುಚ್ಚಲಿಲ್ಲ. ೮೨ರ ಆಗಸ್ಟಿನಲ್ಲಿ ಮಹಾಗಣಪತಿ ಹಾಸಿಗೆ ಹಿಡಿದಿದ್ದ. ಎಂಟು ಹಾಡುಗಳನ್ನು ಒಂದೇ ಟೇಪಿಗೆ ಸೇರಿಸಿ ಅಚ್ಚಿಗೆ ಕೊಡಲು ಆ ವಾರದ ರಜೆಯೇ ಕೊನೆಯ ದಿನ. "ಹೋಗಿ ಬಾ, ನನಗೆಂತ ಆಗುವುದಿಲ್ಲ" ಎಂದು ಅವನೇ ಕಳಿಸಿದ. ಬೆಳಗ್ಗೆ ಹೋದ ಉದಯ ಕೆಲಸ ಮುಗಿಸಿ ಸಂಜೆ ಬಂದ. ಬಾಗಿಲು ಒಳಗಿನಿಂದ ಹಾಕಿತ್ತು. ತಟ್ಟಿದ.

"ನಾನು ತಮಾಷೆ ಅಂದುಕೊಂಡೆ" ಎಂದ ಉದಯ. "ಹಾಡಿನ ಹಾಗೆ ತಡ ಮಾಡ್ತಿದ್ದಾನೆ ಅಂದುಕೊಂಡೆ. ನಲವತ್ತು ಎಣಿಸಿದೆ."

ಪಕ್ಕದ ಕೋಣೆಯವರು ಬಂದು ಬಾಗಿಲು ಮುರಿದಾಗ ಜೀವ ಹೋಗಿತ್ತು.

ದೇವಕಿ ಒಂದೇ ಮಾತು ಕೇಳಿದಳು: "ನೀರು?"

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ.

"ಅಮ್ಮ ಸಾಯುವವರೆಗೂ ಆ ನೀರನ್ನೇ ಹೇಳಿಕೊಂಡು ಇದ್ದದ್ದು" ಎಂದಳು. ಆಮೇಲೆ, "ಆ ಟೇಪು ಎಲ್ಲಿ ಉಂಟು?"

ಉದಯನ ಕಣ್ಣು ಅಟ್ಟದ ಕಡೆ ಹೋಗಿ ಬಂತು. ಕಂಬಕ್ಕೆ ಒರಗಿದ್ದವಳು ನೆಟ್ಟಗಾದದ್ದನ್ನು ನಾನು ಕಂಡೆ. "ಟ್ರಂಕಿನಲ್ಲಿ ಇದ್ದದ್ದಾ? ದೊಡ್ಡದು? ನಾನು ಬಟ್ಯನಿಗೆ ಕೊಟ್ಟದ್ದಾ?"

ನಮಿತಾ ಗ್ಲಾಸನ್ನು ಕೆಳಗಿಟ್ಟಳು. ದೇವಕಿ ಒಳಗೆ ಹೋಗಿ ಒಲೆಯ ಮೇಲಿನ ಗಂಜಿಯನ್ನು ಇಳಿಸಿ, ಸೆರಗಿಗೆ ಕೈ ಒರಸಿಕೊಳ್ಳುತ್ತ ಹೊರಗೆ ಬಂದು, ಚಪ್ಪಲಿ ಮೆಟ್ಟಿ ಬೈಲಿನ ದಾರಿ ಹಿಡಿದಳು. ಗಂಡನ ಕಡೆ ನೋಡಲಿಲ್ಲ. ನಾವು ಹಿಂದಿನಿಂದ ಹೋದೆವು. ಎಲ್ಲರ ಹಿಂದೆ ಉದಯ.

ಬಟ್ಯನಿಗೆ ಎಪ್ಪತ್ತು ದಾಟಿತ್ತು. ಅಂಗಳದಲ್ಲಿ ಅಡಿಕೆ ಹಾಳೆ ಕತ್ತರಿಸುತ್ತ ಕುಳಿತಿದ್ದ.

"ಆ ಅಗಲದ ರೀಲಾ ಅಕ್ಕ? ಮತ್ತೆ ಅಂಥದ್ದು ಸಿಕ್ಕಲೇ ಇಲ್ಲ. ಬೇರೆ ರೀಲೆಲ್ಲ ಸೊಳ್ಳೆಯ ಹಾಗೆ ಕೂಗ್ತದೆ, ಅದು ಹೋರಿಯ ಹಾಗೆ. ಮೂರು ಬೆಳೆ ನವಿಲು ಈಚೆ ತಲೆ ಹಾಕಲಿಲ್ಲ. ಎಂತ, ಉದಯಣ್ಣನಿಗೆ ವಾಪಸು ಬೇಕಂತಾ?"

"ಉಳಿದದ್ದು ಉಂಟಾ?"

"ಚಕ್ರದಲ್ಲಿ ಅರ್ಧ ಉಂಟಲ್ಲ. ಎಲ್ಲ ಎಳೆಯಲಿಕ್ಕೆ ನನ್ನ ಗದ್ದೆ ಎಂತ ಧಣಿಗಳದ್ದಾ?"

ಕೊಟ್ಟಿಗೆಯ ಮೊಳೆಯಿಂದ ಅವನು ತೆಗೆದು ತಂದ ಚಕ್ರದಲ್ಲಿ ಎರಡು ಬೆರಳಿನಷ್ಟು ದಪ್ಪಕ್ಕೆ ರೀಲು ಉಳಿದಿತ್ತು. ದೇವಕಿಯ ಮುಖದಲ್ಲಿ ಬಂದದ್ದನ್ನು ನಾನು ಮರೆಯಲಾರೆ. ಆದರೆ ಉದಯ ಅದನ್ನು ಕೈಗೆ ತೆಗೆದುಕೊಂಡು, ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ನಮಿತಾಳಿಗೆ ಕೊಟ್ಟ. "ಇದು ಸುರುವಿನದ್ದು" ಎಂದ. ಸ್ಟುಡಿಯೋದಲ್ಲಿ ಟೇಪನ್ನು ಓಡಿಸಿದ ಮೇಲೆ ಹಿಂದಕ್ಕೆ ಸುತ್ತಿ ಇಡುವ ಕ್ರಮವಿಲ್ಲವಂತೆ. ಹಾಡಿನ ಕೊನೆ ಹೊರಗೆ, ಮೊದಲು ಒಳಗೆ. ಬಟ್ಯ ಮೊತ್ತಮೊದಲು ಗೂಟಕ್ಕೆ ಕಟ್ಟಿದ್ದೇ ಮಹಾಗಣಪತಿಯ ಮಾತು.

"ಗದ್ದೆಯದ್ದು ಎಂತ ಮಾಡಿದಿ?" ಎಂದು ನಾನು ಕೇಳಿದೆ.

ಉತ್ತರ ಕೊಟ್ಟವಳು ಬಟ್ಯನ ಹೆಂಡತಿ ಕಿನ್ನಿ. "ಅದ್ರಲ್ಲೇ ಅಲ್ವಾ ಮಾಷ್ಟ್ರೇ ಹಿಡಿಸೂಡಿ ಕಟ್ಟಿದ್ದು. ಉಂಡೆ ಮಾಡಿ ಇಟ್ಟಿದ್ದೆ. ಹಗ್ಗ ನೀರು ತಾಗಿ ಕುಂಬು ಆಗ್ತದೆ, ಅದು ಆಗುವುದಿಲ್ಲ. ನಿಮ್ಮ ಮನೆಯದ್ದೂ ಅದ್ರಲ್ಲೇ. ಅಕ್ಕನ ಮನೆಯದ್ದೂ. ಹೋದ ವರ್ಷಕ್ಕೆ ಮುಗಿಯಿತು."

ಪ್ರತಿ ವಿಷುವಿಗೆ ಕಿನ್ನಿ ತೆಂಗಿನ ಕಡ್ಡಿಯ ಹಿಡಿಸೂಡಿ ಕಟ್ಟಿ ಬೈಲಿನ ಸುತ್ತಿನ ಮನೆಗಳಿಗೆ ಕೊಟ್ಟು ಬರುವುದು ಹಿಂದಿನಿಂದ ಬಂದ ಪದ್ಧತಿ. ದೇವಕಿ ಮನೆಗೆ ತಿರುಗಿ ನಡೆದಳು. ನಾವು ತಲಪುವಾಗ ಅವಳು ಅಂಗಳದ ಮೂಲೆಯಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ದಿನವೂ ಗುಡಿಸುವ ಹಿಡಿಸೂಡಿಯ ಕಟ್ಟನ್ನು ಉಗುರಿನಿಂದ ಬಿಚ್ಚುತ್ತಿದ್ದಳು. ಕಂದು ಬಣ್ಣದ ಅಗಲದ ರೀಲು ಒಂದು ಮೊಳದಷ್ಟು ಬಂತು. ಕಡ್ಡಿಗಳು ಅಂಗಳವೆಲ್ಲ ಚೆಲ್ಲಿದವು.

ನಮಿತಾ ಚಕ್ರವನ್ನೂ ಆ ಒಂದು ಮೊಳವನ್ನೂ ತೆಗೆದುಕೊಂಡು ಹೋದಳು. ಎಷ್ಟು ಸಣ್ಣ ತುಂಡು ಸಿಕ್ಕಿದರೂ ಕಳಿಸಿ, ನೋಡುತ್ತೇನೆ ಎಂದಳು.

ನಮ್ಮಲ್ಲಿ ಸವೆದ ಹಿಡಿಸೂಡಿಯನ್ನು ಎಸೆಯುವುದಿಲ್ಲ. ಅಂಗಳದ್ದು ಮೋಟಾದರೆ ದನದ ಹಟ್ಟಿಗೆ, ಹಟ್ಟಿಯದ್ದು ಮೋಟಾದರೆ ಬಚ್ಚಲಿಗೆ. ಆ ಬುದ್ಧಿಯೊಂದೇ ನಮಗೆ ಆಧಾರ. ಒಂದು ತಿಂಗಳು ನಾನೂ ದೇವಕಿಯೂ ಮನೆ ಮನೆ ತಿರುಗಿದೆವು. ಬಚ್ಚಲಲ್ಲಿ, ಹಟ್ಟಿಯಲ್ಲಿ, ಕಟ್ಟಿಗೆಯ ರಾಶಿಯ ಹಿಂದೆ ಹುಡುಕಿ, ರೀಲು ಬಿಚ್ಚಿ, ಅದರ ಜಾಗಕ್ಕೆ ತೆಂಗಿನ ಹಗ್ಗ ಕಟ್ಟಿಕೊಟ್ಟೆವು. ಪೇಟೆಯ ಸೌದಾಮಿನಿಯ ಚಾ ಅಂಗಡಿಯಲ್ಲಿ ಇದು ತಮಾಷೆಯ ವಿಷಯವಾಯಿತು.

"ಎಂತ ಮಾಷ್ಟ್ರೇ, ಪೆನ್ಶನ್ ಸಾಲುವುದಿಲ್ವಾ? ಹಿಡಿಸೂಡಿಯ ಎಕ್ಸ್‌ಪೋರ್ಟಂತೆ?" ಎಂದಳು ಸೌದಾಮಿನಿ.

"ನಿನ್ನ ಹಿಂದಿನ ಬಾಗಿಲಲ್ಲಿ ಇರುವುದನ್ನು ಕೊಡು. ಗಲ್ಫಿಗೆ ಕಳಿಸ್ತೇನೆ."

"ಕೊಡಬಹುದು. ಅದಕ್ಕೆ ಮೊದಲು ಅಂಗಡಿ ಒಮ್ಮೆ ಗುಡಿಸಿ ಕೊಡಿ."

ಗುಡಿಸಿಯೇ ತಂದೆ. ಅದರಲ್ಲಿ ಎರಡು ಮೊಳ ಇತ್ತು.

ದೇವಕಿ ಇದರಲ್ಲಿ ಯಾವುದಕ್ಕೂ ನಗಲಿಲ್ಲ. ಆ ತಿಂಗಳು ಪೂರ್ತಿ ಅವಳು ಗಂಡನೊಡನೆ ಮಾತನಾಡಲಿಲ್ಲ. ಸಿಕ್ಕಿದ ತುಂಡುಗಳನ್ನು ಸಂಜೆ ತಂದು ಅವನ ಮುಂದೆ ಇಡುವಳು, ಒಳಗೆ ಹೋಗುವಳು. ಅವನು ಪ್ರತಿಯೊಂದನ್ನೂ ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒರಸಿ, ಸದ್ದು ಹಿಡಿಯುವ ಮಗ್ಗುಲು ಯಾವುದೆಂದು ಬೆರಳಿನಲ್ಲೇ ತಿಳಿದು ಗುರುತು ಮಾಡಿ, ನನ್ನ ಹಳೆಯ ನಿಘಂಟಿನ ಹಾಳೆಗಳ ನಡುವೆ ಇಡುತ್ತಿದ್ದ. ಸುಕ್ಕು ಹೋಗಲೆಂದು ಅದರ ಮೇಲೆ ಒಂದು ಆಂಪ್ಲಿಫಯರ್. ಮೂವತ್ತೊಂದು ತುಂಡು ಆದವು. ಮಳೆ ಹಿಡಿಯುವ ಮೊದಲು ಮುಂಬಯಿಗೆ ಕಳಿಸಿದೆವು.

ಉತ್ತರ ಬಂದದ್ದು ೨೦೧೪ರ ಜನವರಿಯಲ್ಲಿ. ಒಂದು ಸೀಡಿ, ಒಂದು ಕಾಗದ. ಚಕ್ರದಲ್ಲಿದ್ದ ನಾಲ್ಕು ಹಾಡು ಚೆನ್ನಾಗಿ ಬಂದಿವೆ ಎಂದು ನಮಿತಾ ಬರೆದಿದ್ದಳು. ತುಂಡುಗಳಲ್ಲಿ ಕೊನೆಯ ಹಾಡಿಗೆ ಸೇರಿದವೆಂದು ಕಂಡವನ್ನು ಒಂದಕ್ಕೊಂದು ಅಂಟಿಸಿದ್ದಳು. ಎಲ್ಲ ಸೇರಿ ಒಂದು ನಿಮಿಷ ಹತ್ತು ಸೆಕೆಂಡು. "ಗರಗರ ಬಹಳ ಇದೆ. ಅದರ ಒಳಗೆ ಮಾತು ಇದೆಯೋ ಇಲ್ಲವೋ ನನಗೆ ನಿಶ್ಚಯವಿಲ್ಲ. ಇದ್ದರೆ ಮನೆಯವರಿಗೆ ಮಾತ್ರ ಗುರುತು ಹತ್ತಬಹುದು. ಕೇಳಿ ತಿಳಿಸಿ."

ಬೆಳಗ್ಗೆ ಹತ್ತು ಗಂಟೆಗೆ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಮೂವರು ಕುಳಿತೆವು. ಉದಯ ಸೀಡಿಯನ್ನು ಹಾಕಿ, ದೊಡ್ಡ ಸ್ಪೀಕರಿನ ಮೇಲೆ ಅಂಗೈ ಊರಿದ. ಇನ್ನೊಂದು ಕೈಯಿಂದ ದೇವಕಿಗೆ ಸ್ಟೂಲನ್ನು ಎದುರಿಗೆ ಎಳೆದು ಕೊಟ್ಟ, ಅವಳ ಬಾಯಿ ಕಾಣುವಂತೆ.

"ತಟ್ಟುವುದು ನನಗೆ ಕೈಯಲ್ಲಿ ಗೊತ್ತಾಗ್ತದೆ" ಎಂದ. "ಸಣ್ಣ ಸ್ವರ ಕೈಗೆ ಹತ್ತುವುದಿಲ್ಲ. ಅದನ್ನು ನೀನು ಕೇಳಿ ಹೇಳಬೇಕು."

ಸದ್ದು ಸುರುವಾಯಿತು. ಉರಿಯುವ ಹುಲ್ಲಿನಂಥ ಗರಗರ. ಅದರೊಳಗಿನಿಂದ ಬಾಗಿಲಿನ ಏಟು, ಒಂದು, ಎರಡು, ನಡುವೆ ತುಂಡಾಗಿ ಇನ್ನೊಂದು. ಉದಯನ ತುಟಿ ಎಣಿಸುತ್ತಿತ್ತು. ಏಟು ನಿಂತಿತು. ಆಮೇಲೆ ಗರಗರದ ಹಿಂದೆ ಒಂದು ಕೋಣೆಯ ಮೌನ. ಅದರಲ್ಲಿ ಹಳೆಯ ಫ್ಯಾನೊಂದು ಕಟಕ್, ಕಟಕ್ ಎಂದು ತಿರುಗುತ್ತಿತ್ತು. ನಾನು ಕಿವಿಯನ್ನು ಸ್ಪೀಕರಿನ ಹತ್ತಿರಕ್ಕೆ ಒಯ್ದೆ. ಫ್ಯಾನು ತಿರುಗಿತು. ಒಂದು ಸಲ ಯಾರೋ ಉಸಿರು ತೆಗೆದ ಹಾಗಾಯಿತು. ಅದು ಟೇಪಿನ ಸುಕ್ಕೂ ಆಗಿರಬಹುದು. ಫ್ಯಾನು ಮತ್ತೂ ತಿರುಗಿತು. ಅಲ್ಲಿಗೆ ಮುಗಿಯಿತು.

ದೇವಕಿ ಕಣ್ಣು ಮುಚ್ಚಿ ಕುಳಿತಿದ್ದಳು. ಉದಯ ಸ್ಪೀಕರಿನಿಂದ ಕೈ ತೆಗೆದಿರಲಿಲ್ಲ.

"ಉಂಟಾ?" ಎಂದ.

ಅವಳು ಕಣ್ಣು ತೆರೆದಳು. ಅವನನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ, ನಾನು ಮಾತನಾಡಬೇಕಾದೀತೇನೋ ಎಂದು ಹೆದರಿದೆ.

"ಉಂಟು" ಎಂದಳು, ಒಂದೊಂದು ಅಕ್ಷರವನ್ನೂ ಬಿಡಿಸಿ, ಅವನಿಗೆ ಕಾಣುವಂತೆ.

"ಎಂತ ಹೇಳಿದ?"

"ಬಾಗಿಲು ಹಾಕಿದ್ದಿಲ್ಲೆ, ಒಳ ಬಾ."

"ತಡ ಮಾಡಿ ಹೇಳಿದನಾ?"

"ತಡ ಮಾಡಿಯೇ. ಅವನ ಕ್ರಮವೇ ಅದಲ್ವಾ."

ಉದಯ ನನ್ನ ಕಡೆ ತಿರುಗಿದ. "ಮಾಷ್ಟ್ರೇ, ನಿಮಗೆ ಕೇಳಿತಾ?"

ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವನು ನಾನು. ಉಕ್ತಲೇಖನ ಕೊಡುವಾಗಿನ ಹಾಗೆ ಬಾಯಿ ತೆರೆದು "ಕೇಳಿತು" ಎಂದೆ.

ಅವನು ಸ್ಪೀಕರಿನ ಮೇಲೆ ತಲೆ ಇಟ್ಟ. ದೇವಕಿ ಎದ್ದು, ಅಂಗಡಿಯ ಬಾಗಿಲನ್ನು ಪೂರ್ತಿ ತೆರೆದು, ಹೊರಗೆ ಹೋಗಿ ನಿಂತಳು.

ನಮಿತಾಳಿಗೆ ನಾನು ಬರೆದ ಕಾಗದದಲ್ಲಿ ನಿಜವನ್ನೇ ಬರೆದೆ. ಹೊಸ ತಟ್ಟೆ ಹೊರಬಂದದ್ದು ೨೦೧೮ರಲ್ಲಿ. ಕೊನೆಯ ಹಾಡು ಫ್ಯಾನಿನ ಸದ್ದಿನಲ್ಲಿ ಮುಗಿಯುತ್ತದೆ. ಬಹಳ ಅರ್ಥವುಳ್ಳ ಮೌನವೆಂದು ಸಂಗೀತ ತಿಳಿದವರು ಬರೆದಿದ್ದಾರಂತೆ. ಹೊದಿಕೆಯ ಮೇಲೆ ಉದಯಶಂಕರನ ಹೆಸರಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ಮಹಾಗಣಪತಿಯ ಹೆಸರೂ ಇದೆ. ದೇವಕಿ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾಳೆ. ತಟ್ಟೆ ತಿರುಗಿಸುವ ಯಂತ್ರ ನಮ್ಮ ಊರಿನಲ್ಲಿ ಯಾರಲ್ಲೂ ಇಲ್ಲ.

ಅದನ್ನು ನೋಡಲು ಉದಯ ಇರಲಿಲ್ಲ. ೨೦೧೬ರ ಜೂನಿನಲ್ಲಿ, ಹತ್ತು ದಿನ ಹಾಸಿಗೆಯಲ್ಲಿದ್ದು ಹೋದ. ಆ ಬೆಳಗ್ಗೆ ನಾನು ಬಳಿಯಲ್ಲೇ ಇದ್ದೆ. ಅವನ ತಲೆ ದೇವಕಿಯ ತೊಡೆಯ ಮೇಲಿತ್ತು. ಬಾಯಿಗೆ ನೀರು ಬಿಟ್ಟವಳು ಅವಳೇ. ಮೂರು ಸಲ, ಸಣ್ಣ ತಂಬಿಗೆಯಿಂದ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.